ಸದ್ದು ಬಂತು, ಪಿಕಪ್ ಹೋಯಿತು: ಒಂದು ಟರ್ಬೊ ಕಾರಿನ ಏರ್ ಇನ್‌ಟೇಕ್ ಪ್ರಕರಣ

ಗಾಡಿ 2.0 ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್. ಟರ್ಬೊ ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಡೈರೆಕ್ಟ್ ಇಂಜೆಕ್ಷನ್, ಮ್ಯಾನುಯಲ್ ಗೇರ್, ಕಂಪನಿಯ ಲೆಕ್ಕದಲ್ಲಿ ಸುಮಾರು 200 ಎಚ್‌ಪಿ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮುಟ್ಟಿರಲಿಲ್ಲ, ಸೈಲೆನ್ಸರ್ ಕಡೆಯೂ ಕೈ ಹಾಕಿರಲಿಲ್ಲ. ಮಾಲೀಕರು ಮಾಡಿಸಿದ್ದು ಒಂದೇ ಕೆಲಸ. ಕಂಪನಿಯ ಏರ್ ಫಿಲ್ಟರ್ ಡಬ್ಬ ಪೂರ್ತಿ ತೆಗೆಸಿ, ಅದರ ಜಾಗದಲ್ಲಿ ಅಲ್ಯೂಮಿನಿಯಂ ಪೈಪು ಮತ್ತು ತೆರೆದ ಕೋನ್ ಫಿಲ್ಟರ್ ಇರುವ ಕಿಟ್ ಹಾಕಿಸಿದ್ದರು.

"ಸದ್ದೇನೋ ಸಖತ್ತಾಗಿದೆ ಸಾರ್. ಆದ್ರೆ ಟ್ರಾಫಿಕ್‌ನಲ್ಲಿ ಗಾಡಿ ಎಳೆಯೋದೇ ಇಲ್ಲ. ಹೈವೇಗೆ ಬಂದ್ರೆ ಸರಿ ಹೋಗುತ್ತೆ. ಈಗ ನೋಡಿದ್ರೆ ಚೆಕ್ ಎಂಜಿನ್ ಲೈಟೂ ಹತ್ಕೊಂಡಿದೆ." ಅವರ ದೂರು ಇಷ್ಟೇ. ಇಷ್ಟರಲ್ಲೇ ಎರಡು ಬೇರೆ ಬೇರೆ ತೊಂದರೆಗಳ ಸುಳಿವು ಇತ್ತು. ಟ್ರಾಫಿಕ್‌ನಲ್ಲಿ ಮಾತ್ರ ಕಾಣಿಸುವ ಸೋಮಾರಿತನ ಸಾಮಾನ್ಯವಾಗಿ ಬಿಸಿಗಾಳಿಯ ಕೆಲಸ. ಇನ್‌ಟೇಕ್ ಬದಲಿಸಿದ ಗಾಡಿಯಲ್ಲಿ ಲೈಟು ಹತ್ತುವುದು ಹೆಚ್ಚಾಗಿ ಲೆಕ್ಕಕ್ಕೆ ಸಿಗದ ಗಾಳಿಯಿಂದ. ಎರಡನ್ನೂ ಒಟ್ಟಿಗೆ ಹುಡುಕಲು ಹೋದರೆ ತಲೆ ಕೆಡುತ್ತದೆ, ಹಾಗಾಗಿ ಒಂದೊಂದಾಗಿ ನೋಡಿದೆವು.

ಲೈಟು ಯಾಕೆ ಹತ್ತಿತು

ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0171. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಅದರ ಅರ್ಥ. ಕೋಡಿಗಿಂತ ಉಪಯೋಗಕ್ಕೆ ಬಂದದ್ದು ಫ್ಯೂಯಲ್ ಟ್ರಿಮ್. ಇಸಿಯು ಮೊದಲು ಒಂದು ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ. ಆಮೇಲೆ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ನೋಡಿ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಯೇ ಟ್ರಿಮ್. ಗಾಡಿ ಚೆನ್ನಾಗಿದ್ದರೆ ಇದು ಸೊನ್ನೆಯ ಆಚೀಚೆ ಶೇ. 5ರೊಳಗೆ ಇರುತ್ತದೆ. ಇಲ್ಲಿ ಒಂದೇ ವೇಗದಲ್ಲಿ ಓಡುವಾಗ ಪ್ಲಸ್ 17, ಐಡ್ಲಿಂಗ್‌ನಲ್ಲಿ ಪ್ಲಸ್ 25ರ ಹತ್ತಿರ.

ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಮುಖ್ಯ. ಮೊದಲು 17ರ ಕತೆ.

ಎಂಜಿನ್‌ಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವುದು ಮ್ಯಾಫ್ ಸೆನ್ಸರ್. ಫಿಲ್ಟರ್ ಆದ ಮೇಲೆ, ಟರ್ಬೊಗೆ ಮುಂಚೆ ಪೈಪಿನೊಳಗೆ ಕೂತಿರುತ್ತದೆ. ಕಾದ ಒಂದು ತಂತಿ ಅಥವಾ ಫಿಲ್ಮ್ ಗಾಳಿಗೆ ಎಷ್ಟು ಬೇಗ ತಣ್ಣಗಾಗುತ್ತದೆ ಎಂಬುದರ ಮೇಲೆ ಅದರ ಲೆಕ್ಕ. ಆದರೆ ಅದು ನೋಡುವುದು ತನ್ನ ಮೂಗಿನ ಮುಂದೆ ಹಾದುಹೋಗುವ ಗಾಳಿಯನ್ನು ಮಾತ್ರ. ಪೂರ್ತಿ ಪೈಪಿನಲ್ಲಿ ಎಷ್ಟು ಹೋಯಿತು ಎಂಬುದನ್ನು ಇಸಿಯು ಆ ಪೈಪಿನ ವ್ಯಾಸ ಇಷ್ಟೇ ಎಂದು ನಂಬಿಕೊಂಡು ಲೆಕ್ಕ ಹಾಕುತ್ತದೆ. ವರ್ನಿಯರ್ ಹಿಡಿದು ನೋಡಿದೆವು. ಕಂಪನಿಯ ಪೈಪು ಒಳಗೆ 70 ಮಿ.ಮೀ., ಕಿಟ್ಟಿನದು 76. ಆರೇ ಮಿಲಿಮೀಟರ್, ಏನು ಮಹಾ ಅನಿಸಬಹುದು. ಆದರೆ ಬಾಯಿಯ ವಿಸ್ತೀರ್ಣ ವ್ಯಾಸದ ವರ್ಗದಂತೆ ಏರುತ್ತದೆ. 76 ಗುಣಿಸು 76ನ್ನು 70 ಗುಣಿಸು 70ರಿಂದ ಭಾಗಿಸಿ, 1.18 ಬರುತ್ತದೆ. ಅಷ್ಟೇ ಗಾಳಿ ಅಗಲವಾದ ಪೈಪಿನಲ್ಲಿ ನಿಧಾನವಾಗಿ ಹೋಗುತ್ತದೆ, ಸೆನ್ಸರ್ ಕಮ್ಮಿ ಓದುತ್ತದೆ, ಇಸಿಯು ಪೆಟ್ರೋಲ್ ಕಮ್ಮಿ ಬಿಡುತ್ತದೆ. ಅದನ್ನು ಸರಿದೂಗಿಸಲು ಟ್ರಿಮ್ ಸುಮಾರು 18 ಏರಬೇಕು. ನಮಗೆ ಸಿಕ್ಕಿದ್ದು 17.

ಟ್ರಿಮ್ ತಿದ್ದಿಕೊಳ್ಳುತ್ತದಲ್ಲ, ಬಿಡಿ ಅನ್ನುವವರಿದ್ದಾರೆ. ಪೆಟ್ರೋಲ್ ಮಟ್ಟಿಗೆ ಒಂದು ಹಂತದವರೆಗೆ ಸರಿ. ಆದರೆ ಇಗ್ನಿಷನ್ ಟೈಮಿಂಗ್‌ಗೆ, ಅಂದರೆ ಸ್ಪಾರ್ಕ್ ಯಾವಾಗ ಕೊಡಬೇಕು ಎಂಬುದಕ್ಕೆ, ಅಂಥ ತಿದ್ದುಪಡಿ ಇಲ್ಲ. ಗಾಳಿ ಕಮ್ಮಿ ಎಂದು ಓದಿದ ಇಸಿಯು, ಎಂಜಿನ್ ಮೇಲೆ ಲೋಡ್ ಕಮ್ಮಿ ಎಂದುಕೊಂಡು ಸ್ಪಾರ್ಕನ್ನು ಮುಂಚಿತವಾಗಿ ಕೊಡುತ್ತದೆ. ಟರ್ಬೊ ಎಂಜಿನ್‌ನಲ್ಲಿ ಇದು ನಾಕಿಂಗ್‌ಗೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಹದ ತಪ್ಪಿ ಸಿಡಿಯುವುದಕ್ಕೆ, ಕರೆಯೋಲೆ. ನಾಕ್ ಸೆನ್ಸರ್ ಕೇಳಿಸಿಕೊಂಡು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಪಿಕಪ್ ಹೋಗುತ್ತದೆ. ಈ ಗಾಡಿಯ ಲಾಗ್‌ನಲ್ಲಿ ಆ ಎಳೆತ ಸ್ಪಷ್ಟವಾಗಿ ಕಾಣುತ್ತಿತ್ತು. ಮ್ಯಾಫ್ ಪೈಪಿನ ವ್ಯಾಸ ಬದಲಾಯಿಸಿದ ಮೇಲೆ ಇಸಿಯುನಲ್ಲಿ ಅದರ ಅಳತೆ ಪಟ್ಟಿಯನ್ನು ತಿದ್ದದೆ ಬಿಡುವುದು, ನನ್ನ ಪ್ರಕಾರ, ಕೆಲಸ ಅರ್ಧಕ್ಕೆ ಬಿಟ್ಟ ಹಾಗೆ. ಇದನ್ನು ಹೇಳದೆ ಕಿಟ್ ಮಾರುವವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಐಡ್ಲಿಂಗ್‌ನಲ್ಲಿ ಮೇಲೇರಿದ ಏಳೆಂಟು. ಅದು ಬ್ರೀದರ್ ಹೋಸಿನ ಕೆಲಸ. ಕ್ರ್ಯಾಂಕ್‌ಕೇಸಿನಿಂದ (ಎಂಜಿನ್ನಿನ ಕೆಳಗಿನ, ಆಯಿಲ್ ಇರುವ ಭಾಗ) ಆವಿ ಹೊರಬರುವ ಈ ಹೋಸು ಮ್ಯಾಫ್ ಆದ ಮೇಲೆ ಇನ್‌ಟೇಕ್ ಪೈಪಿಗೆ ಸೇರುತ್ತದೆ. ಕಿಟ್ಟಿನ ಪೈಪಿನಲ್ಲಿ ಅದಕ್ಕೆ ಕೊಟ್ಟ ಮೂತಿ ಸ್ವಲ್ಪ ಸಣ್ಣದು. ಕ್ಲ್ಯಾಂಪು ಎಷ್ಟು ಬಿಗಿದರೂ ಹೋಸು ಕೈಯಲ್ಲಿ ತಿರುಗುತ್ತಿತ್ತು. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡಿನ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ, ಎಳೆತ ಜೋರಾಗಿರುತ್ತದೆ. ಅದು ಕ್ರ್ಯಾಂಕ್‌ಕೇಸಿನ ಮೂಲಕ ಈ ಸಂದಿನಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಮ್ಯಾಫ್ ನೋಡದ ಗಾಳಿ ಅದು, ಫಿಲ್ಟರ್ ಕೂಡ ನೋಡಿಲ್ಲ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವುದೇ ಸ್ವಲ್ಪ ಗಾಳಿ, ಆದ್ದರಿಂದ ಸಣ್ಣ ಸಂದೂ ಅಲ್ಲಿ ದೊಡ್ಡದಾಗಿ ಕಾಣುತ್ತದೆ.

ಟ್ರಾಫಿಕ್‌ನಲ್ಲಿ ಎಳೆಯದಿರುವುದು

ಇದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊರಗಿನ ಗಾಳಿ 32 ಡಿಗ್ರಿ ಇದ್ದಾಗ, ನಿಂತು ನಿಂತು ಸಾಗುವ ರಸ್ತೆಯಲ್ಲಿ ಕೋನ್ ಫಿಲ್ಟರ್ ಎಳೆಯುತ್ತಿದ್ದ ಗಾಳಿ 60 ಡಿಗ್ರಿ ಆಸುಪಾಸು. ಬಾನೆಟ್ ಕೆಳಗಿನ ಬಿಸಿಯೆಲ್ಲ ನೇರವಾಗಿ ಒಳಕ್ಕೆ. ಕಂಪನಿಯ ಡಬ್ಬ ವಾಪಸ್ ಹಾಕಿ ಅದೇ ರಸ್ತೆಯಲ್ಲಿ ನೋಡಿದರೆ 38. ಡಬ್ಬದ ಮೂತಿ ಗ್ರಿಲ್ ಹಿಂದೆ ಇರುತ್ತದೆ, ಹೊರಗಿನ ಗಾಳಿಯನ್ನೇ ಕುಡಿಯುತ್ತದೆ.

ಟರ್ಬೊದಲ್ಲಿ ಈ 22 ಡಿಗ್ರಿ ಅಲ್ಲಿಗೇ ನಿಲ್ಲುವುದಿಲ್ಲ. ಟರ್ಬೊದ ಕಂಪ್ರೆಸರ್ ಚಕ್ರ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಆ ಏರಿಕೆ ಒಳಬರುವ ಗಾಳಿಯ ನಿರಪೇಕ್ಷ ಉಷ್ಣತೆಗೆ ತಕ್ಕಂತೆ ಜಾಸ್ತಿಯಾಗುತ್ತದೆ. ಈ ಗಾಡಿಯ ಬೂಸ್ಟಿನಲ್ಲಿ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ), ಕಂಪ್ರೆಸರ್ ದಕ್ಷತೆ ಶೇ. 70 ಎಂದು ಹಿಡಿದರೆ, 38 ಡಿಗ್ರಿಯಲ್ಲಿ ಒಳಹೋದ ಗಾಳಿ ಸುಮಾರು 127 ಡಿಗ್ರಿಯಾಗಿ ಹೊರಬರುತ್ತದೆ. 60 ಡಿಗ್ರಿಯದು 155 ದಾಟುತ್ತದೆ. 22 ಇದ್ದದ್ದು 28 ಆಯಿತು. ಟರ್ಬೊದಿಂದ ಬಂದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಇದರಲ್ಲಿ ದೊಡ್ಡ ಪಾಲನ್ನು ಇಳಿಸುತ್ತದೆ ನಿಜ. ಆದರೆ ಟ್ರಾಫಿಕ್‌ನಲ್ಲಿ ಇಂಟರ್‌ಕೂಲರ್ ಮೇಲೂ ಗಾಳಿ ಬೀಸುತ್ತಿರುವುದಿಲ್ಲ ಅಲ್ವಾ? ಉಳಿದ ಬಿಸಿ ನೋಡಿ ಇಸಿಯು ಟೈಮಿಂಗ್ ಇನ್ನಷ್ಟು ಹಿಂದಕ್ಕೆ ಎಳೆಯುತ್ತದೆ. ಹೈವೇಯಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಎಲ್ಲ ತಣ್ಣಗಾಗಿ ವ್ಯತ್ಯಾಸ ಐದಾರು ಡಿಗ್ರಿಗೆ ಇಳಿಯುತ್ತಿತ್ತು. ಮಾಲೀಕರು ಹೇಳಿದ್ದು ಅಕ್ಷರಶಃ ಸರಿ.

ಕಿಟ್ ಜೊತೆ ಬರುವ ಡೈನೊ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಗ್ರಾಫಿನಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಬಾನೆಟ್ ತೆರೆದಿಟ್ಟು, ಮುಂದೆ ದೊಡ್ಡ ಫ್ಯಾನ್ ಇಟ್ಟು ಓಡಿಸಿದರೆ ತೆರೆದ ಕೋನ್‌ಗೆ ತಂಪು ಗಾಳಿಯ ಹಬ್ಬ. ರಸ್ತೆಯಲ್ಲಿ ಯಾರೂ ಬಾನೆಟ್ ತೆರೆದು ಓಡಿಸುವುದಿಲ್ಲ.

ಹಾಗಾದರೆ ಕಂಪನಿಯ ಡಬ್ಬವೇ ಸಾಕೇ?

ಮಾಲೀಕರು ಕೇಳಿದ್ದು ಇದನ್ನೇ, ಸ್ವಲ್ಪ ಬೇಸರದಲ್ಲಿ. ಸಾಕು ಎಂದು ಹೇಳಿ ಕಳಿಸಬಹುದಿತ್ತು. ಆದರೆ ಅಳೆಯದೆ ಹಾಗೆ ಹೇಳುವುದೂ ಅಳೆಯದೆ ಕಿಟ್ ಹಾಕುವುದೂ ಒಂದೇ. ಮುಂದೆ ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಇಸಿಯು ಲೆಕ್ಕ ಬದಲಿಸುವ ಕೆಲಸ, ಮಾಡಿಸುವ ಆಸೆ ಬೇರೆ ಅವರಿಗಿತ್ತು.

ಇಲ್ಲಿ ಟರ್ಬೊ ಗಾಡಿಯ ಒಂದು ಗುಣವನ್ನು ಬಿಡಿಸಿ ಹೇಳಬೇಕು. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಇನ್‌ಟೇಕ್ ಬಿಗಿ ಇದ್ದರೆ ಸಿಲಿಂಡರಿಗೆ ಗಾಳಿ ಅಷ್ಟು ಕಮ್ಮಿ, ಶಕ್ತಿ ಅಷ್ಟು ಕಮ್ಮಿ. ಲೆಕ್ಕ ನೇರ. ಈಗಿನ ಟರ್ಬೊ ಎಂಜಿನ್‌ನಲ್ಲಿ ಇಸಿಯು ಮ್ಯಾನಿಫೋಲ್ಡ್‌ನಲ್ಲಿ ಇಷ್ಟು ಒತ್ತಡ ಬೇಕು ಎಂದು ಗುರಿ ಇಟ್ಟುಕೊಂಡು, ಅದು ಸಿಗುವವರೆಗೆ ವೇಸ್ಟ್‌ಗೇಟ್ (ಹೊಗೆಯನ್ನು ಟರ್ಬೊ ತಪ್ಪಿಸಿ ಹೊರಬಿಡುವ ಬಾಗಿಲು) ಮುಚ್ಚಿ ಟರ್ಬೊವನ್ನು ಜಾಸ್ತಿ ತಿರುಗಿಸುತ್ತದೆ. ಇನ್‌ಟೇಕ್ ಬಿಗಿ ಇದ್ದರೂ ಬೂಸ್ಟ್ ಅಷ್ಟೇ ಬರುತ್ತದೆ, ಟರ್ಬೊ ಅದಕ್ಕಾಗಿ ಹೆಚ್ಚು ದುಡಿಯುತ್ತದೆ. ಇನ್‌ಟೇಕ್ ಸಡಿಲ ಮಾಡಿದರೂ ಬೂಸ್ಟ್ ಅಷ್ಟೇ, ಟರ್ಬೊಗೆ ಕೆಲಸ ಹಗುರ. ಆದ್ದರಿಂದ ಇಸಿಯು ಮುಟ್ಟದ ಟರ್ಬೊ ಗಾಡಿಯಲ್ಲಿ ಬರೀ ಇನ್‌ಟೇಕ್ ಬದಲಿಸಿ 15–20 ಎಚ್‌ಪಿ ಬಂತು ಎಂದರೆ ನಾನು ಮೊದಲು ನೋಡುವುದು ಆ ಡೈನೊ ಹಾಕಿದ ಕರೆಕ್ಷನ್. ಎಸ್‌ಎಇ ಜೆ1349 ಎಂಬ ಮಾನದಂಡದ ಲೆಕ್ಕ ಫಲಿತಾಂಶವನ್ನು 25 ಡಿಗ್ರಿ, 99 ಕಿಲೋಪ್ಯಾಸ್ಕಲ್ ಒಣಗಾಳಿಗೆ ಹೊಂದಿಸುತ್ತದೆ. ಹವಾಮಾನದ ಕೊರತೆಯನ್ನು ಬೂಸ್ಟ್ ನಿಯಂತ್ರಣ ಆಗಲೇ ತುಂಬಿಕೊಂಡಿದ್ದರೆ, ಅದರ ಮೇಲೆ ಮತ್ತೆ ಗುಣಿಸಿದಂತಾಗಿ ಅಂಕಿ ಸುಮ್ನೆ ಉಬ್ಬುತ್ತದೆ.

ಹೀಗಾಗಿ ಎಚ್‌ಪಿ ಬಿಟ್ಟು ಎಳೆತ ಅಳೆದೆವು, ಅಂದರೆ ಗಾಳಿ ಒಳಬರುವ ದಾರಿಯ ಅಡ್ಡಿಯಿಂದ ಒತ್ತಡ ಎಷ್ಟು ಬೀಳುತ್ತದೆ ಎಂದು. ಇದಕ್ಕೆ ದುಬಾರಿ ಉಪಕರಣ ಬೇಡ. ಗಾರೆ ಕೆಲಸದವರು ಮಟ್ಟ ನೋಡುವಂಥ ಪಾರದರ್ಶಕ ಪೈಪನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಕಟ್ಟಿ, ಬಣ್ಣ ಹಾಕಿದ ನೀರು ತುಂಬಿಸಿ, ಪಕ್ಕದಲ್ಲಿ ಟೇಪು ಅಂಟಿಸಿದರೆ ಆಯಿತು. ಒಂದು ತುದಿ ಗಾಳಿಗೆ ತೆರೆದಿರಲಿ, ಇನ್ನೊಂದು ತುದಿ ಇನ್‌ಟೇಕ್‌ಗೆ. ಎರಡು ಕಡೆಯ ನೀರಿನ ಮಟ್ಟದ ಅಂತರವೇ ಎಳೆತ. ಹತ್ತು ಸೆಂಟಿಮೀಟರ್ ನೀರು ಅಂದರೆ ಹೆಚ್ಚುಕಮ್ಮಿ 1 ಕಿಲೋಪ್ಯಾಸ್ಕಲ್. ಎರಡೂ ಕಾಲು ಒಂದು ಮೀಟರಿಗಿಂತ ಉದ್ದ ಇರಲೇಬೇಕು, ಇಲ್ಲದಿದ್ದರೆ ಫುಲ್ ಥ್ರಾಟಲ್‌ನಲ್ಲಿ ನೀರೇ ಟರ್ಬೊಗೆ ಹೋದೀತು. ಈ ಪೈಪು ಸಿಕ್ಕಿಸುವ ಹಿತ್ತಾಳೆ ನಿಪ್ಪಲ್‌ಗೆ ಇನ್‌ಟೇಕ್‌ನಲ್ಲಿ ತೂತು ಕೊರೆಯುವಾಗ ಭಾಗ ಬಿಚ್ಚಿಕೊಂಡೇ ಕೊರೆಯಬೇಕು. ಕಂಪ್ರೆಸರ್ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುವ ಸಾಮಾನು. ಅದರ ಬಾಯಿಗೆ ಪ್ಲಾಸ್ಟಿಕ್ ಚೂರು ಬಿದ್ದರೂ ಅನಾಹುತ.

ಮೂರು ಕಡೆ ನಿಪ್ಪಲ್ ಹಾಕಿದೆವು. ಡಬ್ಬದಲ್ಲಿ ಫಿಲ್ಟರಿಗೆ ಮುಂಚೆ, ಫಿಲ್ಟರ್ ಆದ ಮೇಲೆ, ಮತ್ತು ಟರ್ಬೊ ಬಾಯಿಯ ಹತ್ತಿರ. ಡೈನೊ ಮೇಲೆ, ಬಾನೆಟ್ ಆದಷ್ಟು ಮುಚ್ಚಿ, 5500 ಆರ್‌ಪಿಎಂನಲ್ಲಿ ಓದಿದೆವು. ಆಗ ಬೂಸ್ಟ್ 0.75 ಬಾರ್, ಗಾಳಿ ಸೆಕೆಂಡಿಗೆ 160 ಗ್ರಾಂ. ಹೊರಗಿನ ಗಾಳಿಯ ಲೆಕ್ಕದಲ್ಲಿ ಅದು ಪ್ರತಿ ಸೆಕೆಂಡಿಗೆ ಸುಮಾರು 140 ಲೀಟರ್.

ಫಿಲ್ಟರಿಗೆ ಮುಂಚೆ 12 ಸೆಂ.ಮೀ. ಫಿಲ್ಟರ್ ಆದ ಮೇಲೆ 17. ಟರ್ಬೊ ಬಾಯಲ್ಲಿ 46.

ಎಲ್ಲರೂ ಬದಲಾಯಿಸುವ ಫಿಲ್ಟರ್ ತಿನ್ನುತ್ತಿದ್ದದ್ದು 5 ಸೆಂ.ಮೀ. ಮಾತ್ರ, ಅದೂ ಧೂಳು ಕೂತ ಹಳೇ ಕಾಗದದ ಫಿಲ್ಟರ್. ಹೊಸತು ಹಾಕಿದಾಗ 3.5 ಆಯಿತು. ಮೂತಿ ಮತ್ತು ರೆಸೊನೇಟರ್ (ಸದ್ದು ಅಡಗಿಸುವ ಡಬ್ಬಿ) ಸೇರಿ 12. ಉಳಿದ 29 ಸೆಂ.ಮೀ. ಡಬ್ಬದಿಂದ ಟರ್ಬೊವರೆಗಿನ ಪೈಪಿನಲ್ಲಿ. ಮಾಲೀಕರು ದುಡ್ಡು ಸುರಿದದ್ದು ಒಂದು ಕಡೆ, ಗಾಳಿ ಸಿಕ್ಕಿಹಾಕಿಕೊಂಡಿದ್ದು ಇನ್ನೊಂದು ಕಡೆ.

ಕಂಪನಿಯ ಪೈಪೇ ಅಷ್ಟು ಕೆಟ್ಟದಾಗಿರಲಾರದು ಅನಿಸಿತು. ಎಂಜಿನ್ ಪಕ್ಕಕ್ಕೆ ಸಣ್ಣ ಕ್ಯಾಮೆರಾ ಕಟ್ಟಿ ಮತ್ತೆ ಓಡಿಸಿದೆವು. ಟರ್ಬೊಗೆ ತಿರುಗುವ ಕಡೆ ಒಂದು ರಬ್ಬರ್ ಬೆಂಡ್ ಇದೆ, ಮಡಿಕೆ ಮಡಿಕೆಯದು. 4000 ಆರ್‌ಪಿಎಂ ದಾಟುತ್ತಲೇ ಅದರ ಹೊಟ್ಟೆ ಒಳಕ್ಕೆ ಹೋಗತೊಡಗಿತು. 5500ಕ್ಕೆ ಬರುವಷ್ಟರಲ್ಲಿ ಗುಂಡಗಿದ್ದ ಪೈಪು ಚಪ್ಪಟೆ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಮೊದಲಿನಂತೆ ಗುಂಡಗೆ. ನಿಂತ ಗಾಡಿಯಲ್ಲಿ ಎಷ್ಟು ನೋಡಿದರೂ ಇದು ಗೊತ್ತಾಗುತ್ತಿರಲಿಲ್ಲ. ಬಿಚ್ಚಿ ಕೈಯಲ್ಲಿ ಹಿಡಿದರೆ ಒಳಗೋಡೆಗೆಲ್ಲ ಆಯಿಲ್ ಜಿಡ್ಡು. ಬ್ರೀದರ್ ಹೋಸು ಸೇರುವ ಜಾಗದಿಂದ ಕೆಳಗೆ ರಬ್ಬರ್ ಊದಿಕೊಂಡು ಮೆತ್ತಗಾಗಿತ್ತು, ಎರಡು ಬೆರಳಲ್ಲಿ ಅಮುಕಿದರೆ ಮಡಚಿಕೊಳ್ಳುತ್ತಿತ್ತು. ವರ್ಷಗಟ್ಟಲೆ ಆಯಿಲ್ ಆವಿ ಕುಡಿದ ರಬ್ಬರ್ ಹಾಗಾಗುತ್ತದೆ. ಕಿಟ್ ಹಾಕಿದಾಗಲೂ ಈ ಬೆಂಡನ್ನು ಯಾರೂ ಮುಟ್ಟಿರಲಿಲ್ಲ, ಅಲ್ಯೂಮಿನಿಯಂ ಪೈಪನ್ನು ಇದಕ್ಕೇ ಸಿಕ್ಕಿಸಿದ್ದರು.

ಮಾಡಿದ ಕೆಲಸ

ಕೋನ್ ಕಿಟ್ ಪೆಟ್ಟಿಗೆ ಸೇರಿತು. ಕಂಪನಿಯ ಡಬ್ಬ, ಕಾಗದದ ಹೊಸ ಫಿಲ್ಟರ್, ಕಂಪನಿಯ 70 ಮಿ.ಮೀ. ಮ್ಯಾಫ್ ಪೈಪು ಇದ್ದಂತೆ ಇದ್ದವು. ಮ್ಯಾಫ್‌ಗೆ ಮುಂಚೆ ಜೇನುಗೂಡಿನಂಥ ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಗಾಳಿಗೆ ಅಡ್ಡಿ ಎಂದು ಅದನ್ನು ಕಿತ್ತೆಸೆಯುವ ಚಾಳಿ ಕೆಲವರಿಗಿದೆ. ಕಿತ್ತರೆ ಸುಳಿಗಾಳಿ ಬಂದು ಸೆನ್ಸರ್ ಓದುವುದು ಕುಣಿಯುತ್ತದೆ, ಐಡ್ಲಿಂಗ್ ಹದ ತಪ್ಪುತ್ತದೆ. ಅದನ್ನೂ ಬಿಟ್ಟೆವು.

ಬದಲಾಯಿಸಿದ್ದು ರಬ್ಬರ್ ಬೆಂಡನ್ನು. ಒಳಗೆ ನುಣುಪಾಗಿರುವ, ನಾಲ್ಕು ಪದರದ, ಸ್ಟೀಲ್ ತಂತಿ ಸುತ್ತಿದ ಸಿಲಿಕೋನ್ ಬೆಂಡ್ ಬಂತು. ಒಳಪದರ ಆಯಿಲ್ ತಡೆಯುವಂಥದ್ದೇ ಬೇಕು ಎಂದು ಕೇಳಿ ತರಿಸಿದೆವು, ಮಾಮೂಲಿ ಸಿಲಿಕೋನ್ ಕೂಡ ಆಯಿಲ್‌ಗೆ ಬಾಳುವುದಿಲ್ಲ. ಬ್ರೀದರ್‌ಗೂ, ಆಕ್ಸಿಲರೇಟರ್ ಬಿಟ್ಟಾಗ ಬೂಸ್ಟ್ ಗಾಳಿಯನ್ನು ವಾಪಸ್ ಕಳಿಸುವ ಡೈವರ್ಟರ್ ವಾಲ್ವ್‌ನ ಹೋಸಿಗೂ ಸರಿಯಾದ ಅಳತೆಯ ಮೂತಿ ಇರುವುದನ್ನು ನೋಡಿಕೊಂಡೆವು. ಡೈವರ್ಟರ್ ಗಾಳಿಯನ್ನು ಮ್ಯಾಫ್ ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತದೆ. ಅದನ್ನು ಹೊರಗೆ ಬಿಟ್ಟರೆ ಗೇರ್ ಬದಲಿಸುವಾಗೆಲ್ಲ ಪೆಟ್ರೋಲ್ ಜಾಸ್ತಿಯಾಗಿ ಗಾಡಿ ಮುಗ್ಗರಿಸುತ್ತದೆ.

ಮೂತಿಯ ಕಡೆ ಒಂದು ಸಣ್ಣ ಕೆಲಸ. ರೆಸೊನೇಟರ್ ತೆಗೆದು ಆ ಬಾಯಿ ಮುಚ್ಚಿದೆವು. ಅದು ಇರುವುದೇ ಸದ್ದು ಅಡಗಿಸಲು, ಶಕ್ತಿಗೂ ಅದಕ್ಕೂ ಹೆಚ್ಚಿನ ಸಂಬಂಧ ಇಲ್ಲ. ಮಾಲೀಕರಿಗೆ ಬೇಕಾದ ಟರ್ಬೊ ಶಿಳ್ಳೆ ಮುಕ್ಕಾಲು ಪಾಲು ವಾಪಸ್ ಬಂತು. ಮೂತಿಯನ್ನು ಬಂಪರ್ ಕೆಳಕ್ಕೆ ಇಳಿಸೋಣವೇ ಎಂದು ಕೇಳಿದರು. ಬೇಡ ಎಂದೆ. ನಿಂತ ಮಳೆನೀರಿನಲ್ಲಿ ಹೋದಾಗ ಅಲ್ಲಿಂದ ಸಿಲಿಂಡರಿಗೆ ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ.

ಫಿಲ್ಟರ್ ಬಗ್ಗೆ ಸ್ವಲ್ಪ ವಾದವೇ ನಡೆಯಿತು. ತೊಳೆದು ಬಳಸುವ, ಎಣ್ಣೆ ಹಾಕುವ ಕಾಟನ್ ಫಿಲ್ಟರನ್ನು ಡಬ್ಬದೊಳಗೇ ಹಾಕೋಣ ಎಂದರು. ಅದರಿಂದ ಗಾಳಿ ಸ್ವಲ್ಪ ಸಲೀಸು, ಒಪ್ಪಿದೆ. ಆದರೆ ಅಲ್ಲಿ ಉಳಿಸಲು ಇರುವುದೇ 3.5 ಸೆಂ.ಮೀ. ಒಳಗಿನ ಸ್ವಲ್ಪ. ಅದಕ್ಕಾಗಿ ಸಣ್ಣ ಧೂಳು ಒಳಬಿಡುವ ಅಪಾಯ, ಎಣ್ಣೆ ಜಾಸ್ತಿಯಾದರೆ ಮ್ಯಾಫ್ ಮೇಲೆ ಕೂರುವ ಅಪಾಯ ಎರಡನ್ನೂ ತೆಗೆದುಕೊಳ್ಳಬೇಕು. ಫಿಲ್ಟರ್ ಹೋಲಿಸುವುದಾದರೆ ಐಎಸ್‌ಒ 5011 ಪ್ರಕಾರ ಪರೀಕ್ಷೆ ಮಾಡಿದ ಅಂಕಿ ಕೇಳಿ. ಧೂಳು ಎಷ್ಟು ಹಿಡಿಯಿತು, ಎಳೆತ ಎಷ್ಟಾಯಿತು ಎರಡೂ ಅದರಲ್ಲಿ ಸಿಗುತ್ತವೆ. ಪೆಟ್ಟಿಗೆ ಮೇಲೆ ಅದಿಲ್ಲದೆ ಬರೀ ಎಚ್‌ಪಿ ಬರೆದಿದ್ದರೆ ನನಗೆ ನಂಬಿಕೆ ಬರುವುದಿಲ್ಲ.

ಸಿಕ್ಕಿದ್ದು

ಟರ್ಬೊ ಬಾಯಲ್ಲಿ 46 ಇದ್ದ ಎಳೆತ 23 ಸೆಂ.ಮೀ.ಗೆ ಇಳಿಯಿತು. ಸರಿಯಾಗಿ ಅರ್ಧ. ಗರಿಷ್ಠ ಶಕ್ತಿ ಏರಿದ್ದು ಎರಡು ಮೂರು ಎಚ್‌ಪಿ, ಅಂದರೆ ಡೈನೊ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ತೋರಿಸುವ ವ್ಯತ್ಯಾಸದೊಳಗೇ. ಮಾಲೀಕರ ಮುಖ ಸಪ್ಪಗಾಯಿತು. ಲಾಗ್ ತೆಗೆದು ವೇಸ್ಟ್‌ಗೇಟ್ ತೋರಿಸಿದೆ. ಅದೇ 5500ರಲ್ಲಿ ಅದೇ ಬೂಸ್ಟಿಗೆ ಇಸಿಯು ಮೊದಲು ವೇಸ್ಟ್‌ಗೇಟ್ ಮುಚ್ಚಿಡಲು ಶೇ. 62 ಡ್ಯೂಟಿ (ಆಜ್ಞೆಯ ಪ್ರಮಾಣ) ಕೊಡುತ್ತಿತ್ತು, ಈಗ 54. ಟರ್ಬೊ ಅಷ್ಟು ಹಗುರಾಗಿ ಅದೇ ಕೆಲಸ ಮಾಡುತ್ತಿದೆ. ಲೆಕ್ಕದ ಪ್ರಕಾರ ಕಂಪ್ರೆಸರ್‌ನಿಂದ ಹೊರಬರುವ ಗಾಳಿಯೂ ಮೂರು ನಾಲ್ಕು ಡಿಗ್ರಿ ತಂಪು. ಟ್ರಿಮ್ ಐಡ್ಲಿಂಗ್‌ನಲ್ಲೂ ಓಟದಲ್ಲೂ ಶೇ. 3ರೊಳಗೆ. ಲೈಟು ಮತ್ತೆ ಹತ್ತಲಿಲ್ಲ. ಟ್ರಾಫಿಕ್‌ನಲ್ಲಿ ಗಾಡಿ ಮೊದಲಿನಂತೆ ಎಳೆಯುತ್ತದೆ, ಅವರಿಗೆ ದಿನನಿತ್ಯ ತಿಳಿಯುವ ಲಾಭ ಇದೊಂದೇ.

ಆ ಹಗುರುತನ ಉಪಯೋಗಕ್ಕೆ ಬಂದದ್ದು ರೀಮ್ಯಾಪ್ ಆದ ಮೇಲೆ. ಹೊಸ ಮ್ಯಾಪ್ 5500ರಲ್ಲಿ 0.95 ಬಾರ್ ಕೇಳುತ್ತದೆ, ಗಾಳಿ ಸೆಕೆಂಡಿಗೆ 182 ಗ್ರಾಂಗೆ ಏರುತ್ತದೆ. ಎಳೆತ ಹರಿವಿನ ವರ್ಗದಂತೆ ಏರುವುದರಿಂದ ಶೇ. 14 ಹೆಚ್ಚು ಗಾಳಿಗೆ ಶೇ. 29 ಹೆಚ್ಚು ಎಳೆತ. ಹಳೇ ಬೆಂಡ್ ಇದ್ದಿದ್ದರೆ ಕನಿಷ್ಠ 60 ಸೆಂ.ಮೀ. ಆಗುತ್ತಿತ್ತು. ಕನಿಷ್ಠ ಯಾಕೆಂದರೆ ಅದು ಇನ್ನಷ್ಟು ಚಪ್ಪಟೆಯಾಗುತ್ತಿತ್ತು. ಈಗ ನೀರಿನ ಪೈಪು ತೋರಿಸಿದ್ದು 30. ಇಸಿಯು ವೇಸ್ಟ್‌ಗೇಟನ್ನು ಪೂರ್ತಿ ಮುಚ್ಚದೆಯೇ ಬೂಸ್ಟ್ ಹಿಡಿದುಕೊಂಡಿತು. ಎತ್ತರದ ಊರುಗಳಲ್ಲಿ ಓಡಿಸುವವರಿಗೆ ಈ ಅಂತರ ಇನ್ನೂ ದೊಡ್ಡದು. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಗಾಳಿಯ ಒತ್ತಡವೇ 91 ಕಿಲೋಪ್ಯಾಸ್ಕಲ್ ಆಸುಪಾಸು, ಅದರಲ್ಲಿ ಆರು ಕಳೆದುಕೊಳ್ಳುವುದು ಟರ್ಬೊಗೆ ಜಾಸ್ತಿ ಭಾರ.

ನಿಪ್ಪಲ್‌ಗಳನ್ನು ತೆಗೆಯಲಿಲ್ಲ, ಮೂರಕ್ಕೂ ಗಟ್ಟಿ ಮುಚ್ಚಳ ಹಾಕಿ ಬಿಟ್ಟಿದ್ದೇವೆ. ಫಿಲ್ಟರ್ ಆದ ಮೇಲಿನ ಎರಡು ಸೋರಿದರೆ ಧೂಳು ನೇರ ಒಳಕ್ಕೆ ಹೋಗುತ್ತದೆ, ಆದ್ದರಿಂದ ಸರ್ವಿಸ್ ಮಾಡುವಾಗೆಲ್ಲ ಅವನ್ನು ಕೈಯಿಂದ ತಿರುಗಿಸಿ ನೋಡಬೇಕು. ರೀಮ್ಯಾಪ್ ಲಾಗ್‌ನಲ್ಲಿ ಈಗ ಕಣ್ಣಿಗೆ ಬೀಳುವುದು ಬೇರೆ ವಿಷಯ. ಒಂದರ ಹಿಂದೆ ಒಂದು ಫುಲ್ ಥ್ರಾಟಲ್ ಓಟ ಮಾಡಿದರೆ ಇಂಟರ್‌ಕೂಲರ್ ಆದ ಮೇಲಿನ ಗಾಳಿ ಪ್ರತಿ ಓಟಕ್ಕೂ ಬಿಸಿಯಾಗುತ್ತಾ ಹೋಗುತ್ತದೆ. ಮುಂದೆ ಅಳೆಯಬೇಕಾದದ್ದು ಅದರ ಎರಡೂ ಕಡೆಯ ಒತ್ತಡ ಮತ್ತು ಉಷ್ಣತೆಯನ್ನು. ಅಲ್ಲಿ ನೀರಿನ ಪೈಪು ನಡೆಯುವುದಿಲ್ಲ, ಒಂದು ಬಾರ್ ಅಂದರೆ ಹತ್ತು ಮೀಟರ್ ನೀರು. ಗೇಜ್ ತರಿಸಬೇಕು.